ಮನೆ ಅದೇ, ಮನುಷ್ಯ ಬೇರೆ

ಈ ಪ್ರಕರಣವನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಆತನ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಸೈನಿಕರಿಗೆ ಆಪ್ತಸಲಹೆ ನೀಡುವವಳು. ಯುದ್ಧದಿಂದ ಮರಳಿದವನು ತನ್ನ ಊರಿನ ಬೀದಿಗಳಲ್ಲೇ ಶತ್ರುವನ್ನು ಹುಡುಕಲು ಶುರುಮಾಡುವ ಕತೆ ನನ್ನ ಕೋಣೆಗೆ ಬೇರೆ ಬೇರೆ ಮುಖ ಹೊತ್ತು ಬರುತ್ತಲೇ ಇರುತ್ತದೆ. ಹೆಚ್ಚಿನವರು ಮನಸ್ಸಿನಲ್ಲೇ ಬೇಟೆಯಾಡುತ್ತಾರೆ. ಈತ ವೇಷ ಹಾಕಿಕೊಂಡು ನಿಜವಾಗಿಯೂ ಹೊರಟ.

ಅಫ್ಗಾನಿಸ್ತಾನದಲ್ಲಿ ಸಾರ್ಜೆಂಟ್ ಆಗಿದ್ದವನು. ಅಕ್ಕ ಮನೆಯಲ್ಲೇ ಹೊಲಿದು ಕಳಿಸಿದ ಹತ್ತಿಬಟ್ಟೆಯ ನೀಲಿ ಉಡುಪು, ಎದೆಗೊಂದು ನಕ್ಷತ್ರ, ಕಣ್ಣಿಗೊಂದು ಪಟ್ಟಿ, ಕಾಮಿಕ್ಸ್ ನಾಯಕನ ಹಾಗೆ. ತಮಾಷೆಗೆಂದು ಅದನ್ನು ಹಾಕಿಕೊಂಡು ಶಿಬಿರದ ಆಸ್ಪತ್ರೆಗೆ ಹೋಗಿದ್ದ. ಗಾಯಾಳುಗಳು ನಕ್ಕರು. ಮೇಲಧಿಕಾರಿಗಳಿಗೂ ಇಷ್ಟವಾಯಿತು. ಅಲ್ಲಿಂದ ಮುಂದೆ ಅತಿಥಿಗಳು ಬಂದಾಗೆಲ್ಲ ವೇಷ, ಫೋಟೊ. ಹಳ್ಳಿಯ ಮಕ್ಕಳಿಗೆ ಮಿಠಾಯಿ ಹಂಚುವಾಗಲೂ ಅದೇ ವೇಷ. ಜತೆಗೆ ಯಾವಾಗಲೂ ಒಬ್ಬ ಅಫ್ಗಾನ್ ದುಭಾಷಿ. ಉಡುಪಿಗೆ ಜೇಬೇ ಇಲ್ಲ, ಮಿಠಾಯಿ ಎಲ್ಲಿಡುತ್ತೀರಿ ಎಂದು ನಕ್ಕು, ಒಳಗಡೆ ಒಂದು ಜೇಬು ಹೊಲಿದುಕೊಟ್ಟವನು ಅವನೇ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. 30ರ ನಡುರಾತ್ರಿಯ ಹೊತ್ತಿಗೆ ಅಮೆರಿಕದ ಕೊನೆಯ ಸೇನಾ ವಿಮಾನವೂ ಹೊರಟಿತು. ಅಷ್ಟರಲ್ಲಾಗಲೇ ನಿವೃತ್ತನಾಗಿ ಮನೆ ಸೇರಿದ್ದ ಈತ ಆ ಎರಡು ವಾರ ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ದುಭಾಷಿ ವಿಮಾನ ನಿಲ್ದಾಣದ ಗೇಟಿನ ತನಕ ಬಂದಿದ್ದ. ಒಳಗೆ ಬಿಡಲಿಲ್ಲ.

ನನ್ನ ಬಳಿ ಬರುವ ಹೊತ್ತಿಗೆ ಉಡುಪಿಗೆ ಕಪ್ಪು ಬಣ್ಣ ಬಿದ್ದಿತ್ತು. ಹೆಂಡತಿಗೆ ಹೊಡೆಯುವವನು, ಶಾಲೆಯ ಹತ್ತಿರ ಮಾದಕವಸ್ತು ಮಾರುವವನು, ಹೀಗೆ ಪೊಲೀಸರು ಹಿಡಿದು ಬಿಟ್ಟವರನ್ನು ಈತ ರಾತ್ರಿ ಹುಡುಕಿಕೊಂಡು ಹೋಗುತ್ತಿದ್ದ. ಒಬ್ಬನ ಬೆರಳು ಮುರಿದಿದ್ದನ್ನು ಸಾಮಾನು ತಂದ ಲೆಕ್ಕ ಒಪ್ಪಿಸುವ ಹಾಗೆ ಹೇಳಿದ. ಅದು ಮುಗಿದುಹೋದ ಕೃತ್ಯ. ಆಪ್ತಸಲಹೆಯ ಗೋಪ್ಯತೆಯೊಳಗೆ ಬರುತ್ತದೆ. ಮುಂದೆ ಇಂಥವನಿಗೆ ಹೀಗೆ ಮಾಡುತ್ತೇನೆ ಎಂದರೆ ಬರುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿ ಸಹಿ ಹಾಕಿಸಿಕೊಂಡಿದ್ದೆ.

ಆರಂಭದಲ್ಲಿ ನಾನು ಜಾಣತನ ಮಾಡಲು ಹೋದೆ. ಈತ ಕಾಮಿಕ್ಸ್ ಓದಿ ಬೆಳೆದವನು. ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ, 1941ರಲ್ಲಿ, ಹಿಟ್ಲರನ ಮುಖಕ್ಕೆ ಗುದ್ದಿದ ನಕ್ಷತ್ರದಂಗಿಯ ನಾಯಕ ಕ್ಯಾಪ್ಟನ್ ಅಮೆರಿಕ ಗೊತ್ತು. 1974ರಲ್ಲಿ ಬಂದ, ಎದೆಯ ಮೇಲೆ ತಲೆಬುರುಡೆ ಹೊತ್ತು ಅಪರಾಧಿಗಳನ್ನು ಹುಡುಕಿ ಕೊಲ್ಲುವ ಮಾಜಿ ಸೈನಿಕ ಪನಿಷರ್ ಕೂಡ ಗೊತ್ತು. "ನಾನು ಮೊದಲನೆಯವನಾಗಿ ಹೋದೆ, ಎರಡನೆಯವನಾಗಿ ಬಂದೆ" ಎಂದ. ಆ ತಲೆಬುರುಡೆಯನ್ನು ಪೊಲೀಸರು ಹೆಮ್ಮೆಯಿಂದ ಅಂಟಿಸಿಕೊಳ್ಳುವುದನ್ನು ಆ ಪಾತ್ರ ಸೃಷ್ಟಿಸಿದ ಲೇಖಕರೇ ಬಹಿರಂಗವಾಗಿ ಖಂಡಿಸಿದ್ದಾರೆ ಎಂದೆ. "ಬರೆದವರು ಕಾಬೂಲಿನ ಗೇಟಿನಲ್ಲಿ ನಿಂತಿದ್ದರೇ?" ಎಂದು ಕೇಳಿದ. ನನ್ನ ಬಾಯಿ ಕಟ್ಟಿತು.

ಎಂಟನೆಯ ಭೇಟಿಗೆ ಆತ ಒಂದು ಚೀಲ ತಂದ. ಉಡುಪನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದ. ಬಟ್ಟೆಯೆಲ್ಲ ಮಸಿಗಪ್ಪು. ಒಳಮಗ್ಗುಲಲ್ಲಿ ಮಾತ್ರ ಚೌಕಾಕಾರಕ್ಕೆ ಬಿಳಿ ಚುಕ್ಕಿಗಳ ಸಾಲು. ಹತ್ತಿಬಟ್ಟೆ ಬಣ್ಣ ಕುಡಿದಿತ್ತು, ಜೇಬು ಹೊಲಿದ ಪಾಲಿಯೆಸ್ಟರ್ ದಾರ ಕುಡಿದಿರಲಿಲ್ಲ. ಕೈಹೊಲಿಗೆ, ಒಂದು ಕಡೆ ಸೊಟ್ಟ. ಅದನ್ನು ನೋಡಿದ್ದು ಆತನಿಗೆ ಗೊತ್ತಾಯಿತು. ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಆತ ಚೀಲ ಕಟ್ಟಿಕೊಂಡು ಎದ್ದುಹೋಗುತ್ತಿದ್ದ ಎಂದು ಈಗಲೂ ನಂಬಿದ್ದೇನೆ.

ಮಿಠಾಯಿಯ ಜೇಬಿನಿಂದ ಮಡಚಿದ ಕಾಗದ ಹೊರಬಂತು. ಐದು ಹೆಸರು, ಎದುರಿಗೆ ವಿಳಾಸ. ನಾಲ್ಕಕ್ಕೆ ಗೀಟು ಎಳೆದಿತ್ತು. ಮೂರನೆಯದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ.

"ಇದೇನು?" ಎಂದೆ.

ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಮನೆ ಅದೇ, ಮನುಷ್ಯ ಬೇರೆ" ಎಂದ. ಪಟ್ಟಿಯಲ್ಲಿದ್ದವನು ಮನೆ ಖಾಲಿ ಮಾಡಿ ತಿಂಗಳಾಗಿತ್ತು. ಬಾಗಿಲು ತೆರೆದವನು ಹೊಸ ಬಾಡಿಗೆದಾರ. ಅದು ತಿಳಿದದ್ದು ಹೊಡೆದಾದ ಮೇಲೆ.

"ದುಭಾಷಿಯ ವೀಸಾಕ್ಕೆ ಶಿಫಾರಸು ಪತ್ರ ಕೊಟ್ಟವರು ಯಾರು?" ಎಂದು ಕೇಳಿದೆ.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಸಹೋದ್ಯೋಗಿಗಳು ಆಮೇಲೆ ಕೇಳಿದ್ದಾರೆ. ಅಮೆರಿಕದ ಸೇನೆಗೆ ದುಡಿದ ಅಫ್ಗಾನರಿಗೆ 2009ರ ಕಾಯ್ದೆಯಡಿ ವಿಶೇಷ ವಲಸಿಗ ವೀಸಾ ಇತ್ತು. ಅರ್ಜಿಯ ಜತೆ, ಕೆಲಸದಲ್ಲಿ ಮೇಲ್ವಿಚಾರಣೆ ಮಾಡಿದ ಅಮೆರಿಕನ್ನರ ಪತ್ರ ಬೇಕಿತ್ತು. ಎಂಟು ಭೇಟಿಗಳಲ್ಲಿ ಈತ ಜನರಲ್‌ಗಳನ್ನು ಬೈದಿದ್ದ, ಇಬ್ಬರು ಅಧ್ಯಕ್ಷರನ್ನು ಬೈದಿದ್ದ, ಗೇಟಿನ ಕಾವಲುಗಾರರನ್ನು ಬೈದಿದ್ದ. ಆ ಪತ್ರದ ಸುದ್ದಿಯನ್ನು ಒಮ್ಮೆಯೂ ಎತ್ತಿರಲಿಲ್ಲ.

"ನಾನು ಬರೆಯಬೇಕಿತ್ತು" ಎಂದ. 2019ರಲ್ಲೇ ದುಭಾಷಿ ಕೇಳಿದ್ದ. ಬರೆಯೋಣ ಅಂದುಕೊಂಡಿದ್ದ. ಮರೆತಿರಲಿಲ್ಲ, ಮುಂದೂಡಿದ್ದ. ಆಗಸ್ಟಿನಲ್ಲಿ ಗೇಟಿನ ಹತ್ತಿರದಿಂದ ಬಂದ ಸಂದೇಶದಲ್ಲೂ ದೂರು ಇರಲಿಲ್ಲವಂತೆ. ಪತ್ರ ಇದೆಯೇ ಎಂದಷ್ಟೇ ಇತ್ತಂತೆ.

ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ನೀಡುತ್ತ ನೈತಿಕ ಗಾಯ ಎಂಬ ಮಾತು ತಂದರು. ಪ್ರಾಣದ ಪ್ರಶ್ನೆ ಇರುವ ಹೊತ್ತಿನಲ್ಲಿ, ಅಧಿಕಾರದಲ್ಲಿರುವವರೇ ಸರಿಯಾದದ್ದಕ್ಕೆ ದ್ರೋಹ ಬಗೆದಾಗ ಆಗುವ ಗಾಯ. ನಂತರ ಬಂದವರು ಅದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದರು: ತಾನೇ ಮಾಡಿದ್ದು, ತಾನೇ ಮಾಡದೆ ಬಿಟ್ಟದ್ದು. ಮೊದಲನೆಯದು ಸಿಟ್ಟಾಗುತ್ತದೆ, ಎರಡನೆಯದು ನಾಚಿಕೆ. ಸಿಟ್ಟನ್ನು ಹೊತ್ತು ತಿರುಗಬಹುದು, ನಾಚಿಕೆಯನ್ನು ಹೊರುವುದು ಕಷ್ಟ. ಹಾಗಾಗಿ ಎರಡನೆಯದಕ್ಕೆ ಮೊದಲನೆಯದರ ಅಂಗಿ ತೊಡಿಸುತ್ತಾರೆ. ಇಂಥವರಿಗೆ "ನ್ಯಾಯ ಕೊಡುವುದು ಕೋರ್ಟಿನ ಕೆಲಸ" ಎಂದು ಬೋಧಿಸುವ ಮನೆಯವರನ್ನು ಕಂಡಿದ್ದೇನೆ. ಮಾತು ಸರಿಯೇ. ಆದರೆ ಆತ ನ್ಯಾಯ ಕೊಡಲು ಹೊರಟಿದ್ದರೆ ತಾನೇ ಅದು ನಾಟುವುದು?

ಅಷ್ಟು ಹೇಳಿಕೊಂಡ ಮನುಷ್ಯ ಕಾಗದ ಮಡಚುತ್ತ, "ಐದನೆಯವನು ಶನಿವಾರ" ಎಂದುಬಿಟ್ಟ.

1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿ ನಮ್ಮ ಪಾಠದ ಮೊದಲ ಪುಟ: ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಗೋಪ್ಯತೆ ಅಲ್ಲಿಗೆ ಮುಗಿಯಿತು. ಆ ಪ್ರಕರಣದ ಕೊಲೆಗಾರ ಭಾರತದಿಂದ ಹೋಗಿದ್ದ ವಿದ್ಯಾರ್ಥಿ. ಒಬ್ಬ ಯುವತಿಯನ್ನು ಸಾಯಿಸುತ್ತೇನೆ ಎಂದು ಚಿಕಿತ್ಸಕನ ಮುಂದೆ ಹೇಳಿದ್ದ, ಆಕೆಗೆ ಯಾರೂ ತಿಳಿಸಿರಲಿಲ್ಲ, ಕೊನೆಗೆ ಕೊಂದೇಬಿಟ್ಟ. ನಾನು ಆತನ ಎದುರೇ ಫೋನ್ ಎತ್ತಿಕೊಂಡೆ. ಏನು ಮಾಡುತ್ತಿದ್ದೇನೆ, ಯಾಕೆ ಎಂದು ಹೇಳಿ, ಪೊಲೀಸರಿಗೂ ಐದನೆಯವನಿಗೂ ತಿಳಿಸಿದೆ. ಇಂಥ ವರದಿ ಹೋದರೆ ಈ ರಾಜ್ಯದಲ್ಲಿ ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅದನ್ನೂ ಹೇಳಿದೆ. ಆತ ಅಲುಗಾಡದೆ ಕೂತಿದ್ದ. ಪೊಲೀಸರು ಬಂದಾಗ ತಾನೇ ಎದ್ದು ಹೋದ. 72 ತಾಸು ಆಸ್ಪತ್ರೆಯ ನಿಗಾದಲ್ಲಿಟ್ಟರು.

ಕಾಡುವುದು ಇದೇ. ಜೀವನದಲ್ಲಿ ಮೊದಲ ಬಾರಿಗೆ ಆ ಪತ್ರದ ವಿಷಯ ಬಾಯಿಬಿಟ್ಟ ಅರ್ಧ ಗಂಟೆಯೊಳಗೆ, ನಂಬಿದ ಇನ್ನೊಬ್ಬ ಅಧಿಕಾರಸ್ಥರು ಆತನನ್ನು ಹಿಡಿದುಕೊಟ್ಟಿದ್ದರು. ಶೇ ಅವರ ವ್ಯಾಖ್ಯೆಯಲ್ಲಿ ಈಗ ನಾನೇ ಕೂತಿದ್ದೆ. ಇನ್ನೊಮ್ಮೆ ಅಂಥ ಸಂದರ್ಭ ಬಂದರೆ? ಮತ್ತೆ ಫೋನ್ ಎತ್ತುತ್ತೇನೆ. ಬೆನ್ನ ಹಿಂದೆ ಮಾತ್ರ ಮಾಡುವುದಿಲ್ಲ.

ಐದು ವಾರದ ನಂತರ ಬಂದ. "ಆರನೆಯ ಹೆಸರು ನಿಮ್ಮದಾಗಿತ್ತು" ಎಂದ. ತಮಾಷೆಯೋ ಅಲ್ಲವೋ ತಿಳಿಯದೆ, ಈಗಲೂ ಹಾಗೇ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಕೂರಿಸಿದೆ.

ಆ ದಿನ ಕೊಟ್ಟ ಸಲಹೆ ಮೂರೇ. ಒಂದು, ಕ್ರಿಮಿನಲ್ ವಕೀಲರನ್ನು ನೋಡು. ಎರಡು, ಮೂರನೆಯ ಮನೆಗೆ ಹೋಗಬೇಡ. ಹೋಗಿ ಕ್ಷಮೆ ಕೇಳಬೇಕೆಂದು ಆತನಿಗೆ ಬಹಳ ಆಸೆಯಿತ್ತು. ಆ ಬಾಡಿಗೆದಾರನ ಪಾಲಿಗೆ ಅದೂ ಅದೇ ಮನುಷ್ಯ ಮತ್ತೆ ಬಾಗಿಲು ಬಡಿದ ಹಾಗೆಯೇ. ನಿನ್ನ ಹಗುರಕ್ಕೆ ಅವನು ಬಾಗಿಲು ತೆರೆಯಬೇಕೇ ಎಂದೆ. ಏನಿದ್ದರೂ ವಕೀಲರ ಮೂಲಕ. ಮೂರು, ಆ ಪತ್ರ ಬರೆ.

ಮೂರನೆಯದಕ್ಕೆ ನನ್ನ ಮಾರ್ಗದರ್ಶಕರ ಆಕ್ಷೇಪವಿತ್ತು. ವೀಸಾ ಸಿಗದಿದ್ದರೆ ಆತ ಮತ್ತೆ ಕುಸಿಯುತ್ತಾನೆ, ನಮ್ಮ ಕೈಯಲ್ಲಿಲ್ಲದ ಫಲಕ್ಕೆ ಗುಣವಾಗುವುದನ್ನು ಕಟ್ಟಿಹಾಕಿದೆ ಎಂದರು. ಇರಬಹುದು. ಆದರೆ ನಾನು ಆತನಿಗೆ ವೀಸಾ ತರಲು ಹೇಳಲಿಲ್ಲ, ಬಾಕಿಯಿದ್ದ ಒಂದು ಕಾಗದ ಬರೆಯಲು ಹೇಳಿದೆ. ಸಾಲ ಇರುವವನಿಗೆ ಉಸಿರಾಟದ ವ್ಯಾಯಾಮ ಕಲಿಸುವುದು ನನಗೆ ಒಗ್ಗದು.

ಮೊದಲ ಕರಡು ಏಳು ಪುಟ. ಗುಂಡು, ಹೊಗೆ, ದುಭಾಷಿಯ ಧೈರ್ಯ. ಉಚಿತ ಕಾನೂನು ನೆರವಿನ ವಕೀಲರೊಬ್ಬರು ಅದನ್ನು ಒಂದು ಪುಟಕ್ಕೆ ಇಳಿಸಿದರು. ಎಷ್ಟು ಕಾಲ ಬಲ್ಲೆ, ಏನು ಕೆಲಸ, ನಿಷ್ಠೆಯಿಂದ ಮಾಡಿದನೇ, ಅವನಿಗೆ ಯಾವ ಬೆದರಿಕೆ, ಸಹಿ ಹಾಕಿದವರ ಚಾಲ್ತಿಯಲ್ಲಿರುವ ಫೋನು, ಇಮೇಲು. ಶೌರ್ಯಕ್ಕೆ ಅಲ್ಲಿ ಜಾಗವಿಲ್ಲ ಎಂದು ಆತ ಗೊಣಗಿದ. ಆದರೂ ತಿದ್ದಿದ.

ಕಳಿಸುವ ಮೊದಲು ದುಭಾಷಿಗೆ ತೋರಿಸು ಎಂದಿದ್ದೆ. ಎರಡು ವರ್ಷದ ಮೇಲೆ ಮೊದಲ ಸಂದೇಶ ಅದು. ಆತನ ಕೈ ನಡುಗುತ್ತಿತ್ತು, ಫೋನನ್ನು ನನ್ನ ಕಡೆ ತಿರುಗಿಸಿ ಉತ್ತರ ತೋರಿಸಿದ. ಕುಶಲ ಪ್ರಶ್ನೆಯಿಲ್ಲ, ಬೈಗುಳವೂ ಇಲ್ಲ.

"ಸಾರ್ಜೆಂಟ್, ಎರಡನೆಯ ಸಾಲು ತಪ್ಪು. ನಾನು ಕೆಲಸಕ್ಕೆ ಸೇರಿದ್ದು ಮಾರ್ಚ್‌ನಲ್ಲಲ್ಲ, ಮೇನಲ್ಲಿ. ಸರಿಮಾಡಿ ಬೇಗ ಕಳಿಸಿ."

ಆತ ನನ್ನಿಂದ ಪೆನ್ನು ಇಸಿದುಕೊಂಡ.