ಮಂಡಿ ಹಿಡಿದರೆ ಕೂತುಬಿಡಬೇಡಿ, ತೊಡೆಗೆ ಕೆಲಸ ಕೊಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಂಟುನೋವಿನವೇ. ಘಟ್ಟದ ಮೇಲಿನಿಂದ ಅಡಿಕೆ ಸುಲಿಯುವವರ ಮಂಡಿ, ಕರಾವಳಿಯಿಂದ ಮೀನಿನ ಕೆಲಸದವರ ಕಾಲು. ಹೆಸರು ಬಿಟ್ಟು, ಪ್ರಶ್ನೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 66 ವರ್ಷ. ಕೊನೆಕೊಯ್ಲು ಶುರುವಾದರೆ ದಿನಾ ನಾಲ್ಕೈದು ತಾಸು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತೇನೆ. ಏಳುವಾಗ ಎರಡೂ ಮಂಡಿ ಹಿಡಿದುಕೊಳ್ಳುತ್ತವೆ, ಹತ್ತಿಪ್ಪತ್ತು ಹೆಜ್ಜೆ ಹಾಕಿದ ಮೇಲೆ ಸಡಿಲಾಗುತ್ತವೆ. ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಎಂದರು. ನಡೆದಷ್ಟೂ ಸವೆಯುತ್ತದೆ, ಸುಮ್ಮನೆ ಕೂತಿರು ಎನ್ನುತ್ತಾರೆ ಮನೆಯಲ್ಲಿ. ಹೌದೇ? (ಶಿರಸಿ)

ಅಲ್ಲ. ಮನೆಯವರು ಕಾಳಜಿಯಿಂದಲೇ ಹೇಳುತ್ತಿದ್ದಾರೆ, ಆದರೆ ಆ ಮಾತು ಕೇಳಿದರೆ ನಿಮ್ಮ ಮಂಡಿ ಇನ್ನೂ ಬೇಗ ಕೆಡುತ್ತದೆ. ಎಲುಬಿನ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಚಿ ಬಿಡಿಸುವಾಗ ಕೀಲಿನೊಳಗಿನ ದ್ರವ ಅದರೊಳಗೆ ಹೋಗಿ ಬಂದು ಮಾಡುವುದರಿಂದಲೇ ಅದಕ್ಕೆ ಪೋಷಣೆ. ಕೂತಿದ್ದರೆ ಅದೂ ತಪ್ಪುತ್ತದೆ, ತೊಡೆಯ ಸ್ನಾಯುವೂ ಸೊರಗುತ್ತದೆ. ಹೆಜ್ಜೆ ಹಾಕುವಾಗಿನ ಭಾರ ತಾಳಬೇಕಾದದ್ದು ಆ ಸ್ನಾಯು. ಅದು ಸೋತರೆ ಭಾರವೆಲ್ಲ ನೇರ ಕೀಲಿಗೆ ಬೀಳುತ್ತದೆ. ಎಕ್ಸ್‌ರೇಗೆ ಬಹಳ ಹೆದರಬೇಡಿ. ಚಿತ್ರದಲ್ಲಿ ತುಂಬ ಸವೆದಂತೆ ಕಂಡರೂ ನೋವು ಕಡಿಮೆ ಇರುವವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ನರಳುವವರಿದ್ದಾರೆ.

ಮೂರು ವ್ಯಾಯಾಮ ಸಾಕು. ಮೊದಲನೆಯದನ್ನು ಮಂಚದ ಮೇಲೆ ಮಾಡಿ. ಕಾಲು ಚಾಚಿ ಕೂತು, ಮಂಡಿಯ ಅಡಿಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಟವೆಲನ್ನು ಕೆಳಕ್ಕೆ ಒತ್ತುವಂತೆ ತೊಡೆಯನ್ನು ಬಿಗಿ ಮಾಡಿ. ಸರಿಯಾಗಿ ಮಾಡಿದರೆ ಮಂಡಿಚಿಪ್ಪು ತುಸು ಮೇಲಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತದೆ. 5 ಎಣಿಸಿ ಬಿಡಿ. ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಮೂರು ಹೊತ್ತು. ಬಾಯಿಬಿಟ್ಟು ಗಟ್ಟಿಯಾಗಿ ಎಣಿಸಿ, ಆಗ ಉಸಿರು ಕಟ್ಟುವುದಿಲ್ಲ. ಉಸಿರು ಹಿಡಿದು ಬಿಗಿ ಮಾಡಿದರೆ ಬಿ.ಪಿ. ಏರುತ್ತದೆ.

ಎರಡನೆಯದಕ್ಕೆ ಅಂಗಾತ ಮಲಗಿ ಒಂದು ಕಾಲು ಮಡಚಿಕೊಳ್ಳಿ. ಇನ್ನೊಂದನ್ನು ನೆಟ್ಟಗೆ ಇಟ್ಟುಕೊಂಡೇ ಒಂದು ಗೇಣಿಗಿಂತ ಸ್ವಲ್ಪ ಮೇಲೆ, ಅಂದರೆ ಸುಮಾರು 30 ಸೆಂ.ಮೀ. ಎತ್ತಿ, 5 ಎಣಿಸಿ, ನಿಧಾನ ಇಳಿಸಿ. ಧಪ್ಪನೆ ಬಿಟ್ಟರೆ ಅರ್ಧ ಲಾಭ ಹೋಯಿತು, ಏಕೆಂದರೆ ಇಳಿಸುವಾಗಲೂ ಸ್ನಾಯು ದುಡಿಯುತ್ತದೆ. ಇನ್ನೊಂದು ಕಾಲು ಮಡಚುವುದನ್ನು ಮರೆತರೆ ಸೊಂಟ ಹಿಡಿಯುತ್ತದೆ.

ಮೂರನೆಯದು ಕುರ್ಚಿಯಿಂದ ಏಳುವುದು. ಗೋಡೆಗೆ ಒತ್ತಿಟ್ಟ, ಕೈ ಇರುವ ಗಟ್ಟಿ ಕುರ್ಚಿ ಬೇಕು. ಪ್ಲಾಸ್ಟಿಕ್ಕಿನದು ನಯವಾದ ನೆಲದ ಮೇಲೆ ಜಾರುತ್ತದೆ, ಬೇಡ. ಪಾದ ಹಿಂದಕ್ಕೆ ಎಳೆದು, ಮೈ ಮುಂದಕ್ಕೆ ಬಾಗಿಸಿ ಎದ್ದು ನಿಲ್ಲಿ. 3 ಎಣಿಸುತ್ತ ಕೂತುಕೊಳ್ಳಿ. ಏಳುವಾಗ ಮಂಡಿ ಎರಡೂ ಒಳಕ್ಕೆ ವಾಲಿ ಒಂದಕ್ಕೊಂದು ತಾಗುವಂತಾದರೆ ನಿಲ್ಲಿಸಿ, ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಂಡು ಮತ್ತೆ ಶುರುಮಾಡಿ. ಮೊದಲ ವಾರ 5 ಸಲ, ಆಮೇಲೆ 10.

ಮಾಡುವಾಗ ನೋವು ಬಂದೇ ಬರುತ್ತದೆ. ತಾಳಲಾಗದ ನೋವಿಗೆ ಹತ್ತು ಅಂಕ ಎಂದುಕೊಂಡರೆ, ನಾಲ್ಕರಷ್ಟು ನೋವಿದ್ದರೆ ಮುಂದುವರಿಸಬಹುದು. ಮಾರನೆಯ ಬೆಳಿಗ್ಗೆಗೂ ಹೆಚ್ಚಿನ ನೋವು ಉಳಿದಿದ್ದರೆ ಸಂಖ್ಯೆ ಅರ್ಧ ಮಾಡಿ, ಬಿಡಬೇಡಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಎರಡು ವಾರ ಮಾಡಿ ಏನೂ ಆಗಲಿಲ್ಲ ಎಂದು ಬಿಟ್ಟವರೇ ಜಾಸ್ತಿ, ಅದೇ ಬೇಸರದ ಸಂಗತಿ.

ಇನ್ನು ಅಡಿಕೆ. ಸುಲಿಯುವುದು ಬಿಡಿ ಎಂದು ನಾವು ಹೇಳುವುದಿಲ್ಲ, ನೆಲ ಬಿಡಿ. ಮೆಟ್ಟುಗತ್ತಿಯ ಮಣೆಯನ್ನು ಗಟ್ಟಿ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿಕೊಡಲು ಊರಿನ ಬಡಗಿಗೆ ಹೇಳಿ. ನೆಲದಲ್ಲಿ ಕಾಲಿನಿಂದ ಒತ್ತಿ ಹಿಡಿಯುತ್ತಿದ್ದಿರಿ, ಮೇಜಿನ ಮೇಲೆ ಆ ಹಿಡಿತ ಇರುವುದಿಲ್ಲ. ಮಣೆ ಅಲುಗಿದರೆ ಕೈ ಕೊಯ್ದುಹೋಗುತ್ತದೆ. ಕಾಯಿ ತುರಿಯಲೂ ಇದೇ ವ್ಯವಸ್ಥೆ ಆಗುತ್ತದೆ. ಕೂರುವ ಸ್ಟೂಲು ನಿಮ್ಮ ಮಂಡಿಯ ಹಿಂಬದಿಯ ಮಡಿಕೆಯಷ್ಟು ಎತ್ತರ ಇರಲಿ, ಒಂದಂಗುಲ ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಅರ್ಧ ತಾಸಿಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬನ್ನಿ.

ತೂಕ ಹೆಚ್ಚಿದ್ದರೆ, ಮೈಯಿಂದ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿದರೆ ಎಷ್ಟಾಯಿತೆಂದು ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ನೋವು ಹೆಚ್ಚುತ್ತದೆ. ಬದನೆ, ಬಟಾಟೆ, ಹಲಸು ವಾತ ಎಂದು ಬಿಡಿಸಿದ್ದಾರೆ. ಬಿಡಲೇಬೇಕೇ? (ಯಲ್ಲಾಪುರ)

ಬೇಡ. ಇವುಗಳಿಂದ ಕೀಲು ಸವೆಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಹಲಸಿನ ಹಣ್ಣಿಗೆ ಮಿತಿ ಇರಲಿ, ಅದು ಬೇರೆ ಲೆಕ್ಕ. ಥಂಡಿಗೆ ಗಂಟು ಬಿಗಿದಂತಾಗುವುದು ನಿಜ, ಮಳೆಯಿಂದ ಮಂಡಿ ಕೆಡುವುದು ಸುಳ್ಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜನ ಹೊರಗೆ ನಡೆಯುವುದನ್ನೇ ಬಿಡುತ್ತಾರೆ, ನೋವು ಹೆಚ್ಚಲು ಅದೂ ಕಾರಣ. ಜಗುಲಿಯ ಉದ್ದಕ್ಕೆ ಹದಿನೈದು ನಿಮಿಷ, ದಿನಕ್ಕೆರಡು ಸಲ ನಡೆಯಿರಿ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ 15 ನಿಮಿಷ ಇಟ್ಟರೆ ಬಿಗಿತ ಸಡಿಲುತ್ತದೆ. ಮಂಡಿ ಊದಿ ಬಿಸಿಯಾಗಿದ್ದರೆ ಶಾಖ ಬೇಡ, ತಣ್ಣೀರಿನ ಬಟ್ಟೆ ಇಡಿ.

ಪ್ರಶ್ನೆ: ವಯಸ್ಸು 72, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಇದೆ. ಔಷಧದ ಅಂಗಡಿಯಲ್ಲಿ ಕೊಟ್ಟ ನೋವಿನ ಮಾತ್ರೆ ಎರಡು ವರ್ಷದಿಂದ ದಿನಾ ತಿನ್ನುತ್ತಿದ್ದೇನೆ. ಈಗ ಪಾದ ಊದುತ್ತಿದೆ. ಮಾತ್ರೆ ಬದಲಿಸಲೇ? (ಕುಮಟಾ)

ಬದಲಿಸುವುದಲ್ಲ, ಅದನ್ನು ನಿಲ್ಲಿಸಿ ಈ ವಾರವೇ ವೈದ್ಯರನ್ನು ಕಾಣಿ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವುದು) ಮತ್ತು ಹಿಮೋಗ್ಲೋಬಿನ್, ಜೊತೆಗೆ ಮೂತ್ರ ಪರೀಕ್ಷೆ ಆಗಬೇಕು. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಮೈಯಲ್ಲಿ ಉಪ್ಪುನೀರು ನಿಲ್ಲಿಸುತ್ತವೆ, ಬಿ.ಪಿ. ಏರಿಸುತ್ತವೆ. ಬಿ.ಪಿ. ಮಾತ್ರೆಯೊಳಗೆ ಮೂತ್ರ ಹೋಗಿಸುವ ಅಂಶವೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಮಲ ಡಾಂಬರಿನಂತೆ ಕಪ್ಪಗೆ ಹೋದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರ್ಥ. ಅಂದೇ ಆಸ್ಪತ್ರೆಗೆ ಹೋಗಬೇಕು.

ಪಾದದ ಊತ ನೋಡಿ, ಕ್ರಿಯಾಟಿನಿನ್ ವರದಿ ಬಂದ ಮೇಲೆ ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಆಗಬಹುದೇ ಎಂದು ವೈದ್ಯರನ್ನೇ ಕೇಳಿ. ನುಂಗುವುದಕ್ಕೆ ಹೋಲಿಸಿದರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜನ ಕಡಲೆಕಾಳಿನಷ್ಟು ಹಚ್ಚಿ ಪ್ರಯೋಜನವಿಲ್ಲ ಎನ್ನುತ್ತಾರೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಅರ್ಧ ಗ್ರಾಂ. ಒಂದು ಮಂಡಿಗೆ ಅಂಥ ನಾಲ್ಕು ಗೆರೆಯಾದರೂ ಬೇಕು, ದಿನಕ್ಕೆ ಮೂರು ಸಲ. ಹಚ್ಚಿ ಕೈ ತೊಳೆಯಿರಿ, ಅದರ ಮೇಲೆ ಬಟ್ಟೆ ಬಿಗಿಯುವುದು, ಶಾಖ ಕೊಡುವುದು ಬೇಡ. ನುಂಗಲೇಬೇಕಾದ ದಿನ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಆಗಬಹುದು, 24 ತಾಸಿನಲ್ಲಿ ಒಟ್ಟು 3 ಗ್ರಾಂ ಮೀರಬಾರದು. ಪಟ್ಟಿಯ ಹಿಂಬದಿಯ ಸಣ್ಣಕ್ಷರ ಯಾರಿಂದಲಾದರೂ ಓದಿಸಿ: ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ, ಗೊತ್ತಿಲ್ಲದೆ ಎರಡು ಪಾಲು ನುಂಗಿಬಿಡುತ್ತೇವೆ.

ಪ್ರಶ್ನೆ: ಹೆಸರಿಲ್ಲದ ಪೊಟ್ಟಣದ ಪುಡಿ ತಿಂದ ಮೂರೇ ದಿನಕ್ಕೆ ಅಪ್ಪನ ನೋವು ಮಾಯವಾಯಿತು. ಆರು ತಿಂಗಳಾಯಿತು, ಮುಖ ದುಂಡಗಾಗಿದೆ. ನಿಲ್ಲಿಸಬಹುದೇ? (ಭಟ್ಕಳ)

ಒಮ್ಮೆಲೇ ನಿಲ್ಲಿಸಬೇಡಿ, ಇದೇ ಇಲ್ಲಿನ ಅಪಾಯ. ಮೂರು ದಿನಕ್ಕೆ ನೋವು ಮಾಯ, ಆಮೇಲೆ ಮುಖ ದುಂಡಗೆ ಎಂದರೆ ಪುಡಿಯಲ್ಲಿ ಸ್ಟಿರಾಯ್ಡ್ ಇರುವ ಶಂಕೆ ಬಲವಾಗಿದೆ. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ಮೈ ತನ್ನ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಆಗ ದಿಢೀರ್ ಬಿಟ್ಟರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ನಾಳೆಯೇ ಪೊಟ್ಟಣ ಸಮೇತ ಫಿಜಿಶಿಯನ್ ಬಳಿ ಕರೆದೊಯ್ಯಿರಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ಸಕ್ಕರೆ ಮತ್ತು ಬಿ.ಪಿ. ಅಂದೇ ನೋಡಿಸಿ.

ಪ್ರಶ್ನೆ: ನಮ್ಮ ಆಯಿಗೆ 58. ಎರಡೂ ಕೈಬೆರಳಿನ ಗಂಟು ಊದಿವೆ, ಬೆಳಿಗ್ಗೆ ಒಂದೂವರೆ ತಾಸು ಮುಷ್ಟಿ ಕಟ್ಟಲಾಗುವುದಿಲ್ಲ. ವೈದ್ಯರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಂದರಿಂದ ಏನಾದೀತು, ದಿನಾ ಕೊಡಬಾರದೇ? (ಹೊನ್ನಾವರ)

ದಯವಿಟ್ಟು ದಿನಾ ಕೊಡಬೇಡಿ. ನೀವು ಬರೆದ ಲಕ್ಷಣ ಸವೆತದ್ದಲ್ಲ, ರುಮಟಾಯ್ಡ್ ಸಂಧಿವಾತದ್ದು. ಸವೆತದ ಬಿಗಿತ ಅರ್ಧ ತಾಸಿನೊಳಗೆ ಬಿಡುತ್ತದೆ. ಇಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ಬೀಳುವುದರಿಂದ ಬಿಗಿತ ತಾಸು ಮೀರುತ್ತದೆ, ಎರಡೂ ಕಡೆ ಒಂದೇ ರೀತಿ ಊದುತ್ತದೆ. ಆ ಮಾತ್ರೆ ಬಹುಶಃ ಮೆಥೊಟ್ರೆಕ್ಸೇಟ್ ಇರಬೇಕು, ಪಟ್ಟಿ ನೋಡಿ. ವಾರಕ್ಕೊಮ್ಮೆ ತೆಗೆದುಕೊಂಡರೆ ಕೀಲು ಉಳಿಸುವ ಔಷಧ ಅದು. ದಿನಾ ತೆಗೆದುಕೊಂಡರೆ ರಕ್ತಕಣ ತಯಾರಾಗುವ ಮಜ್ಜೆಯೇ ಸೊರಗಿ ಜೀವ ಹೋಗಬಹುದು. ವಾರ ನಿಗದಿ ಮಾಡಿ, ಉದಾಹರಣೆಗೆ ಸೋಮವಾರ. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ‘ಸೋಮವಾರ ಮಾತ್ರ’ ಎಂದು ಬರೆಯಿರಿ, ದಿನದ ಮಾತ್ರೆಗಳ ಡಬ್ಬಿಯಲ್ಲಿ ಇಡಲೇಬೇಡಿ. ಫೋಲಿಕ್ ಆಸಿಡ್ ಕೊಟ್ಟಿದ್ದರೆ ಅದನ್ನು ಬೇರೆ ದಿನ ಕೊಡಿ.

ಗುಣ ತಿಳಿಯಲು ಆರರಿಂದ ಹನ್ನೆರಡು ವಾರ ಬೇಕು. ಹೇಳಿದ ದಿನಕ್ಕೆ ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ತಪ್ಪಿಸಬಾರದು. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಿ. ಕೆಲಸದಲ್ಲಿ ಬೆರಳಿನ ಭಾರ ತಪ್ಪಿಸಿ: ಬಟ್ಟೆ ಹಿಂಡುವಾಗ ತಿರುಚದೆ ನಲ್ಲಿಗೆ ಸುತ್ತಿ ಎರಡು ತುದಿ ಎಳೆಯಲಿ, ಚೆರಿಗೆಯನ್ನು ಬೆರಳಲ್ಲಿ ತೂಗಿ ಹಿಡಿಯದೆ ಎರಡು ಅಂಗೈಯಲ್ಲಿ ಎತ್ತಲಿ.

ಪ್ರಶ್ನೆ: ರಾತ್ರಿ ಇದ್ದಕ್ಕಿದ್ದಂತೆ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾಯಿತು. ಯೂರಿಕ್ ಆಸಿಡ್ ಎಂದರು. ಮೀನು ಪೂರ್ತಿ ಬಿಡಬೇಕೇ? ನಮಗೆ ಮೀನಿಲ್ಲದೆ ಊಟವಿಲ್ಲ. (ಅಂಕೋಲಾ)

ಪೂರ್ತಿ ಬಿಡಬೇಕಿಲ್ಲ. ತಾರ್ಲೆ, ಬಂಗಡೆ, ಚಿಪ್ಪುಮೀನು, ಒಣಮೀನು, ಕುರಿಯ ಯಕೃತ್ತು ಇವುಗಳಲ್ಲಿ ಯೂರಿಕ್ ಆಸಿಡ್ ಆಗುವ ಅಂಶ ಹೆಚ್ಚು, ಇವನ್ನು ಕಡಿಮೆ ಮಾಡಿ. ಉಳಿದ ಮೀನನ್ನು ಮಿತವಾಗಿ ತಿನ್ನಬಹುದು. ಮದ್ಯ, ಅದರಲ್ಲೂ ಬಿಯರ್, ಮತ್ತು ಸಕ್ಕರೆ ಬೆರೆಸಿದ ತಂಪುಪಾನೀಯ ಮೀನಿಗಿಂತ ಮೊದಲು ಬಿಡಬೇಕಾದವು. ಬೇಳೆ, ಬಸಳೆ ಬಿಡಿಸುವವರಿದ್ದಾರೆ, ಅದರ ಅಗತ್ಯವಿಲ್ಲ.

ನೋವು ಬಂದ ದಿನ ರಕ್ತದ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು, ಎರಡು ವಾರ ಬಿಟ್ಟು ಮತ್ತೆ ನೋಡಿಸಿ. ಅಲೊಪ್ಯುರಿನಾಲ್ ಬರೆದುಕೊಟ್ಟರೆ ಸಾಮಾನ್ಯವಾಗಿ 100 ಮಿ.ಗ್ರಾಂ. ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರುವವರೆಗೆ ಏರಿಸುತ್ತಾರೆ. ಮೊದಲ ಕೆಲ ತಿಂಗಳು, ಕೀಲಿನಲ್ಲಿ ಕೂತ ಯೂರಿಕ್ ಆಸಿಡ್‌ನ ಹಳೆಯ ಹರಳು ಕರಗುವಾಗ ಮತ್ತೊಮ್ಮೆ ನೋವು ಬರಬಹುದು. ಮಾತ್ರೆ ಹಿಡಿಸಲಿಲ್ಲ ಎಂದು ಬಿಡಬೇಡಿ. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಒಂದೇ ಗಂಟು ಊದಿ ಬಿಸಿಯಾಗಿ, ಜೊತೆಗೆ ಚಳಿಜ್ವರವೂ ಬಂದರೆ ಅದು ಕೀವು ತುಂಬಿದ ಕೀಲು ಇರಬಹುದು, ಆಗ ಬೆಳಗಾಗುವವರೆಗೂ ಕಾಯಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಮಂಡಿನೋವಿನ ಅಜ್ಜಿಗೆ ಕೋಲು ತಂದಿದ್ದೇವೆ, ಆದರೂ ವಾಲುತ್ತಾರೆ. (ಸಿದ್ದಾಪುರ)

ಅಜ್ಜಿ ಕೋಲನ್ನು ನೋವಿನ ಕಾಲಿನ ಕಡೆಯೇ ಹಿಡಿಯುತ್ತಿರಬಹುದು, ಅದು ಎಲ್ಲರೂ ಮಾಡುವ ತಪ್ಪು. ಬಲಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ಉದ್ದವಿದ್ದರೆ ಮರದ ಕೋಲನ್ನು ತುದಿಯಲ್ಲಿ ಕೊಯ್ಯಿರಿ. ತುದಿಯ ರಬ್ಬರ್ ಟೊಪ್ಪಿ ಮಗುಚಿ ನೋಡಿ, ಗೀರು ಸವೆದು ನಯವಾಗಿದ್ದರೆ ಇಂದೇ ಬದಲಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.

ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ನಾಲ್ಕು ಮಳೆಗೆ ತಾನೇ ಜಾರತೊಡಗುತ್ತದೆ. ಬಚ್ಚಲಿಗೆ ಹೋಗುವ ದಾರಿಯಷ್ಟಕ್ಕಾದರೂ ದಬ್ಬೆಯ ಮೇಲೆ ಒರಟು ನಾರಿನ ಚಾಪೆ ಹೊಡೆದು ಕೂರಿಸಿ. ಕಲ್ಲಿನ ಮೇಲಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ವಾರಕ್ಕೊಮ್ಮೆ ಉಜ್ಜಿ. ಬಚ್ಚಲ ಗೋಡೆಗೆ ಹಿಡಿಕೆ ಹೊಡೆಸಿ, ಟವೆಲ್ ಹಾಕುವ ಕಂಬಿ ಮೈಭಾರ ತಡೆಯದು. ರಾತ್ರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ ಇಡಿ.

ಪ್ರಶ್ನೆ: 69 ವರ್ಷ. ಮಂಡಿ ಬದಲಿಸುವ ಆಪರೇಷನ್ ಮಾಡಿಸಬೇಕೇ, ಇಂಜೆಕ್ಷನ್ ಸಾಕೇ? (ಕಾರವಾರ)

ಮಂಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನ ಗುಣ ಕೆಲವು ವಾರ, ಹೆಚ್ಚೆಂದರೆ ಮೂರು ತಿಂಗಳು. ಮೇಲಿಂದ ಮೇಲೆ ಕೊಡಿಸುವಂಥದ್ದಲ್ಲ. ಸಕ್ಕರೆ ಕಾಯಿಲೆಯವರಿಗೆ ಆಮೇಲೆ ಕೆಲ ದಿನ ಸಕ್ಕರೆ ಏರುತ್ತದೆ. ಮೂರು ತಿಂಗಳು ವ್ಯಾಯಾಮ ಮಾಡಿ, ತೂಕ ಇಳಿಸಿ, ಔಷಧ ಸರಿಯಾಗಿ ತೆಗೆದುಕೊಂಡ ಮೇಲೂ ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ, ಪೇಟೆಗೆ ನಡೆಯಲಾಗದಿದ್ದರೆ ಆಪರೇಷನ್ನಿನ ಮಾತು ಆಡಬಹುದು. ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ, ಮೊದಲ ಅಭಿಪ್ರಾಯ ಅಲ್ಲಿ ಪಡೆಯಬಹುದು. ನಿಂತು ತೆಗೆಸಿದ ಎಕ್ಸ್‌ರೇ ಒಯ್ಯಿರಿ, ಮಲಗಿ ತೆಗೆಸಿದ್ದರಲ್ಲಿ ಸವೆತ ಕಡಿಮೆ ಕಾಣುತ್ತದೆ.

ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ ನೋವು ಪೂರ್ತಿ ಹೋಗುವುದಿಲ್ಲ, ಇದನ್ನು ತಿಳಿದೇ ಒಪ್ಪಿಕೊಳ್ಳಿ. ಹುಳುಕು ಹಲ್ಲು, ಕಾಲಿನ ಹುಣ್ಣು ಇದ್ದರೆ ಮೊದಲು ವಾಸಿಮಾಡಿಕೊಳ್ಳಿ, ಅಲ್ಲಿಂದ ಸೋಂಕು ಹೊಸ ಕೀಲಿಗೆ ಇಳಿಯಬಹುದು. ಸಾಮಾನ್ಯವಾಗಿ ಅಂದೋ ಮಾರನೆಯ ದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ಮೊದಲ ಆರು ವಾರ ಮಂಡಿ ಮಡಚುವ, ನೆಟ್ಟಗೆ ಮಾಡುವ ವ್ಯಾಯಾಮ ತಪ್ಪಿದರೆ ಕಾಲು ಬಿಗಿದೇ ಉಳಿಯುತ್ತದೆ. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಹೆಚ್ಚಿನವರಿಗೆ ಆಗುವುದಿಲ್ಲ, ಹಾಗಾಗಿ ಆಸ್ಪತ್ರೆಗೆ ಸೇರುವ ಮೊದಲೇ ಮನೆಯಲ್ಲಿ ಕಮೋಡ್ ಕೂರಿಸಿಡಿ.