ಗಂಟಿನವರೆಗೋ, ಗುಂಡಿನ ನಡುವಿನವರೆಗೋ?

ಹಾಸನದ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ. ಮಗಳು ಮೊದಲ ವರ್ಷದ ಬಿ.ಎಸ್ಸಿ. ಫಿಸಿಕ್ಸ್ ಮೇಷ್ಟ್ರು ನೋಟ್ಸ್ ಬರೆಸುವುದಿಲ್ಲವಂತೆ. ಪ್ರತಿ ವಾರ ಮನೆಗೆ ಲೆಕ್ಕ ಕೊಡುತ್ತಾರೆ. ಜೊತೆಗೆ ನಾಲ್ವರ ತಂಡಕ್ಕೊಂದು ಪ್ರಾಜೆಕ್ಟ್. ಮಗಳ ತಂಡಕ್ಕೆ ಬಂದದ್ದು ಸರಳ ಲೋಲಕ, ಅಂದರೆ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಪ್ರಯೋಗ. ‘ದಾರವನ್ನು ಎಲ್ಲಿಯವರೆಗೆ ಅಳೆಯಬೇಕು ಅಂತ ಒಂದು ಸಂಜೆಯೆಲ್ಲ ಕಿತ್ತಾಡಿದರು. ದುಡಿಯುವವಳು ನನ್ನ ಮಗಳು, ಮಾರ್ಕ್ಸು ನಾಲ್ವರಿಗೂ ಸಮ. ಪಾಠ ಮಾಡುವುದು ಮೇಷ್ಟ್ರ ಕೆಲಸ ಅಲ್ವಾ?’ ಎಂದು ಕೇಳಿದ್ದಾರೆ.

ಸ್ವಾಮಿ, ದುಡಿದವಳಿಗೂ ಸುಮ್ನೆ ಕೂತವರಿಗೂ ಒಂದೇ ಮಾರ್ಕ್ಸು ಕೊಡುವುದು ಸರಿಯಲ್ಲ. ಅದನ್ನು ಮೇಷ್ಟ್ರಿಗೇ ಹೇಳಿ. ಆದರೆ ಆ ಕಿತ್ತಾಟವನ್ನು ನೀವು ಕಾಲಹರಣ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟಿದ್ದೇ ಆ ಸಾಲು.

ಲೋಲಕದ ಉದ್ದ ಗುಂಡಿನ ನಡುಮಧ್ಯದವರೆಗೆ ಒಂದು ಮೀಟರ್ ಇದ್ದರೆ, 20 ಸಲ ಹೋಗಿ ಬರಲು ಸುಮಾರು 40 ಸೆಕೆಂಡ್ ಬೇಕು. ಅದರಿಂದ ಲೆಕ್ಕ ಹಾಕಿದರೆ ನಮ್ಮ ಕಡೆ ಜಿ ಬೆಲೆ, ಅಂದರೆ ಭೂಮಿಯ ಸೆಳೆತದಿಂದ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವುದು, ಮೀಟರ್ ಲೆಕ್ಕದಲ್ಲಿ 9.78ರ ಹತ್ತಿರ ಬರಬೇಕು. ದಾರವನ್ನು ಗಂಟಿನವರೆಗೆ ಮಾತ್ರ ಅಳೆದು ಎರಡು ಸೆಂಟಿಮೀಟರ್ ಬಿಟ್ಟಿರೋ, 9.58ಕ್ಕೆ ಇಳಿಯುತ್ತದೆ. ಆ ಮಕ್ಕಳು ಜಗಳವಾಡಿದ್ದು ಈ ಎರಡು ಸೆಂಟಿಮೀಟರ್‌ಗೆ. ಒಮ್ಮೆ ಹೀಗೆ ಕಿತ್ತಾಡಿದವರು ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

ನಾನು ಬಿ.ಎಸ್ಸಿ. ಓದುವಾಗ ನಮಗೆ ಯಾರೂ ಹೀಗೆ ಜಗಳವಾಡಲು ಬಿಡಲಿಲ್ಲ. ಸೀನಿಯರ್‌ಗಳ ರೆಕಾರ್ಡ್ ಇಟ್ಟುಕೊಂಡು ನಕಲು ಮಾಡಿದೆವು. ಇಡೀ ಬ್ಯಾಚಿಗೆ ಜಿ ಬೆಲೆ ಸೆಂಟಿಮೀಟರ್ ಲೆಕ್ಕದಲ್ಲಿ 980 ಬಂತು, ಒಬ್ಬರಿಗೂ 978 ಬರಲಿಲ್ಲ. ಉತ್ತರ ಮೊದಲು ಬರೆದು ರೀಡಿಂಗ್ ಆಮೇಲೆ ಹೊಂದಿಸಿದರೆ ಇನ್ನೇನು ಬರುತ್ತದೆ? ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ಉದ್ದ ಎಲ್ಲಿಯವರೆಗೆ ತಗೊಂಡೆ?’ ಅಂತ ಕೇಳಿದಾಗ ನಾನು ತಲೆ ತಗ್ಗಿಸಿ ನಿಂತೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅರ್ಥವಾಗದೆ ಉತ್ತರ ಒಪ್ಪಿಸುವುದು ನಮ್ಮೂರಿನ ರೋಗ ಮಾತ್ರ ಅಲ್ಲ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಆರಂಭದ ಹಂತದ ಫಿಸಿಕ್ಸ್ ಕಲಿಸುತ್ತಿದ್ದರು. ಚೆನ್ನಾಗಿ ಪಾಠ ಮಾಡುತ್ತಾರೆ ಅಂತ ಹೆಸರಿತ್ತು. ಒಂದು ದಿನ ಬಲ, ಚಲನೆಯ ಬಗ್ಗೆ ತೀರಾ ಸರಳವಾದ ಪ್ರಶ್ನೆಪತ್ರಿಕೆ ಕೊಟ್ಟರು. ನೀವು ಕಲಿಸಿದ ಹಾಗೆ ಬರೆಯಲಾ, ನಾನು ಯೋಚಿಸುವ ಹಾಗೆ ಬರೆಯಲಾ ಅಂತ ಹುಡುಗಿಯೊಬ್ಬಳು ಕೇಳಿದಳು. ಅಲ್ಲಿಂದ ಅವರು ಪಾಠದ ರೀತಿಯನ್ನೇ ಬದಲಿಸಿದರು. ಪ್ರಶ್ನೆ ಹಾಕುವುದು, ಪಕ್ಕದವರ ಜೊತೆ ವಾದ ಮಾಡಲು ಬಿಡುವುದು, ಮತ್ತೆ ಉತ್ತರ ಕೇಳುವುದು. 1998ರಲ್ಲಿ ರಿಚರ್ಡ್ ಹೇಕ್ ಎಂಬ ಫಿಸಿಕ್ಸ್ ಪ್ರಾಧ್ಯಾಪಕರು ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿ ನೋಡಿದರು. ಬರೀ ಉಪನ್ಯಾಸ ಕೇಳಿದವರಿಗಿಂತ ಹೀಗೆ ಮಾತಾಡಿ, ಮಾಡಿ ಕಲಿತವರ ಪ್ರಗತಿ ಸುಮಾರು ಎರಡು ಪಟ್ಟು ಇತ್ತು.

ಒಬ್ಬಳೇ ದುಡಿಯುವ ಕಷ್ಟಕ್ಕೂ ದಾರಿಯಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಹೆಲರ್ ಮತ್ತು ಜೊತೆಗಾರರು ಮೂವರ ತಂಡ ಮಾಡಿ ಕೆಲಸ ಹಂಚುತ್ತಿದ್ದರು. ಒಬ್ಬರು ಕೆಲಸ ನಡೆಸುವವರು, ಒಬ್ಬರು ಬರೆದುಕೊಳ್ಳುವವರು, ಇನ್ನೊಬ್ಬರು ಎಲ್ಲವನ್ನೂ ಅನುಮಾನಿಸುವವರು. ಸರದಿಯಂತೆ ಪಾತ್ರ ಬದಲಾಗಬೇಕು. ಈ ಮೂರನೆಯವರು ನಮ್ಮ ತರಗತಿಗಳಲ್ಲಿ ಇಲ್ಲವೇ ಇಲ್ಲ. ಅನುಮಾನ ಪಟ್ಟರೆ ಅಧಿಕಪ್ರಸಂಗಿ ಅನ್ನುತ್ತೇವೆ. ‘ಬೆಂಗಳೂರು ವಿಜ್ಞಾನ ವೇದಿಕೆ’ ಕಟ್ಟಿದ ಎಚ್. ನರಸಿಂಹಯ್ಯ ಫಿಸಿಕ್ಸ್ ಮೇಷ್ಟ್ರೇ. ಪ್ರಶ್ನೆ ಕೇಳಿ ಅಂತ ಜೀವನಪೂರ್ತಿ ಹೇಳಿದರು. ಅಂಥವರಿದ್ದ ನಾಡಿನಲ್ಲಿ ಈಗ ಕಾಸು ಕೊಟ್ಟರೆ ರೆಡಿಮೇಡ್ ಪ್ರಾಜೆಕ್ಟ್ ಸಿಗುತ್ತದೆ, ಬೈಂಡಿಂಗ್ ಸಮೇತ. ಕೊಳ್ಳುವವರಲ್ಲಿ ಅಪ್ಪ ಅಮ್ಮಂದಿರೂ ಇದ್ದಾರೆ. ನಿಮ್ಮೂರಿನ ಆ ಮೇಷ್ಟ್ರು ಈ ಗಾಳಿಗೆ ಎದುರಾಗಿ ನಿಂತಿದ್ದಾರೆ, ನೀವು ಅವರ ಮೇಲೇ ದೂರು ಬರೆದಿದ್ದೀರಿ.

ಈ ಭಾನುವಾರ ನಾಲ್ವರನ್ನೂ ಮನೆಗೆ ಕರೆಯಿರಿ. ತಿಂಡಿ ಕೊಡಿ, ಜಂತಿಗೆ ದಾರ ಕಟ್ಟಲು ಸ್ಟೂಲ್ ಹಿಡಿದುಕೊಳ್ಳಿ. ಅವರಿಗೆ ಬಂದ ಸಂಖ್ಯೆ ಎಷ್ಟೇ ಇರಲಿ, ತಿದ್ದದೆ ನನಗೆ ಬರೆದು ಕಳಿಸಿ.

– ಸಂಪಾದಕ