‘ಐ ವುಡ್ ಹ್ಯಾವ್ ಕಾಲ್ಡ್ ಯೂ’ ಅಂದರೆ ಕರೆ ಮಾಡಿದರೋ ಇಲ್ಲವೋ? ‘ಇಫ್’ ಎಲ್ಲಿ ಹೋಯಿತು?

ಮಾಡಿಲ್ಲ. ‘ವುಡ್ ಹ್ಯಾವ್’ ಆದಮೇಲೆ ಕ್ರಿಯಾಪದದ ಮೂರನೇ ರೂಪ ಬಂದರೆ, ಆ ಕೆಲಸ ನಡೆಯಲಿಲ್ಲ ಎಂದೇ ಸಾಮಾನ್ಯವಾಗಿ ಹಿಡಿಯಬೇಕು. ‘ನಂಬರ್ ಇದ್ದಿದ್ದರೆ’, ‘ಗೊತ್ತಿದ್ದಿದ್ದರೆ’ ಇತ್ಯಾದಿ ಇಬ್ಬರಿಗೂ ತಿಳಿದದ್ದೇ ಎಂದು ಬಿಟ್ಟಿರುತ್ತಾರೆ. ‘ಮೊದಲೇ ಹೇಳಬಾರದಿತ್ತಾ, ನಾನೇ ಬರ್ತಿದ್ದೆ’ ಅನ್ನುವಾಗ ನಾವೂ ‘ಹೇಳಿದ್ದರೆ’ಯನ್ನು ನುಂಗುತ್ತೇವಲ್ಲ.

ಎಷ್ಟೋ ಸಲ ಷರತ್ತು ವಾಕ್ಯದೊಳಗೇ ಅಡಗಿರುತ್ತದೆ. ‘ಎ ಡಾಕ್ಟರ್ ವುಡ್ ನೋ’ ಎಂಬಲ್ಲಿ ಕರ್ತೃಪದವೇ ಷರತ್ತು: ಡಾಕ್ಟರಾಗಿದ್ದರೆ ಗೊತ್ತಿರುತ್ತಿತ್ತು. ‘ವಿತ್ ಮೋರ್ ಸಾಲ್ಟ್, ಇಟ್ ವುಡ್ ಬಿ ಪರ್ಫೆಕ್ಟ್’ ಅಂದರೆ ಷರತ್ತು ಉಪ್ಪಿನಲ್ಲಿದೆ. ‘ಐ ವುಡಂಟ್ ಈಟ್ ದಟ್’ ಎಂದವರು ತಮ್ಮ ರುಚಿ ಹೇಳುತ್ತಿಲ್ಲ. ‘ನಿಮ್ಮ ಜಾಗದಲ್ಲಿ ನಾನಿದ್ದರೆ’ ಎಂದು ಎಚ್ಚರಿಸುತ್ತಿದ್ದಾರೆ. ಊಟಕ್ಕೆ ಕರೆದಾಗ ‘ಐಡ್ ಲವ್ ಟು’ ಎಂದು ಎಳೆದು ನಿಲ್ಲಿಸಿದರೆ ಹಿಂದೆಯೇ ‘ಬಟ್’ ಬರಬಹುದು, ಆಗಲೇ ಎಲೆ ಹಾಕಬೇಡಿ. ‘ಯೂ ಕುಡ್ ಹ್ಯಾವ್ ಟೋಲ್ಡ್ ಮಿ’ ಸಾಮಾನ್ಯವಾಗಿ ಆಕ್ಷೇಪಣೆ, ‘ಹೇಳಬಹುದಿತ್ತಲ್ಲ’ ಅನ್ನುವ ಧಾಟಿಯದು.

ಆದರೆ ‘ವುಡ್’ ಕಂಡಲ್ಲೆಲ್ಲ ಷರತ್ತು ಹುಡುಕಬೇಡಿ. ‘ವೆನ್ ವಿ ವರ್ ಕಿಡ್ಸ್, ವಿ ವುಡ್ ಸ್ವಿಮ್ ಹಿಯರ್’ ಎಂಬುದು ಬರೀ ಹಳೆಯ ರೂಢಿ, ಈಜುತ್ತಿದ್ದೆವು ಅಷ್ಟೇ. ಅಂಗಡಿಯವರ ‘ದಟ್ ವುಡ್ ಬಿ ತ್ರೀ ಹಂಡ್ರೆಡ್’ ಬರೀ ವಿನಯ, 300 ಕೊಡಲೇಬೇಕು.

ಕಿವಿಗೆ ಇನ್ನೊಂದು ತೊಡಕು. ‘ಐಡ್’ ಎಂಬುದು ‘ಐ ವುಡ್’ ಆಗಬಹುದು, ‘ಐ ಹ್ಯಾಡ್’ ಕೂಡ ಆಗಬಹುದು. ಮುಂದಿನ ಕ್ರಿಯಾಪದ ನೋಡಿ: ‘ಐಡ್ ಗೋ’ ಅಂದರೆ ವುಡ್, ‘ಐಡ್ ಗಾನ್’ ಅಂದರೆ ಹ್ಯಾಡ್. ‘ಕಮ್’ಗೆ ಮೊದಲ ರೂಪವೂ ಮೂರನೇ ರೂಪವೂ ಒಂದೇ ಆದ್ದರಿಂದ ‘ಐಡ್ ಕಮ್’ ಎಂಬಲ್ಲಿ ಸಂದರ್ಭವೇ ಗತಿ. ‘ವುಡ್ ಹ್ಯಾವ್’ ಅಂತೂ ವೇಗದ ಮಾತಿನಲ್ಲಿ ‘ವುಡವ್’ ಆಗುತ್ತದೆ. ಅದನ್ನು ಕೇಳಿಯೇ ಇಂಗ್ಲಿಷ್ ಮನೆಮಾತಿನವರೂ ‘ವುಡ್ ಆಫ್’ ಎಂದು ತಪ್ಪಾಗಿ ಬರೆಯುವುದುಂಟು.

ನೀವೇ ಮಾತಾಡುವಾಗ ಒಂದು ಜಾಗದಲ್ಲಿ ಜೋಪಾನ. ನಮ್ಮ ಆಫೀಸ್ ಇಮೇಲ್‌ಗಳಲ್ಲಿ ‘ಐ ವುಡ್ ಬಿ ಜಾಯಿನಿಂಗ್ ಆನ್ ಮಂಡೇ’ ಎಂದು ಬರೆಯುವ ಅಭ್ಯಾಸವಿದೆ, ವಿನಯ ಅಂದುಕೊಂಡು. ಹೊರದೇಶದ ಓದುಗರಿಗೆ ಅದು ‘ಏನಾದರೂ ಆದರೆ ಸೇರುತ್ತಿದ್ದೆ’ ಎಂಬಂತೆ ಕೇಳಿಸಬಹುದು. ಸೋಮವಾರ ಬರುತ್ತೀರೋ ಇಲ್ಲವೋ ಎಂದು ಮರುಪತ್ರ ಬರುತ್ತದೆ. ಗೊತ್ತುಮಾಡಿದ ಕೆಲಸಕ್ಕೆ ‘ವಿಲ್’ ಹಾಕಿ.